ಬಾಡಿಗೆಯವರು ಹೋದರು, ಫಾರಂನಲ್ಲಿ ಉಳಿದರು

ಪ್ರಶ್ನೆ: ನನಗೆ 69 ವರ್ಷ. ಯಜಮಾನರು ತೀರಿಕೊಂಡು ಏಳು ವರ್ಷವಾಯಿತು. 20x30 ಸೈಟಿನಲ್ಲಿ ಮಾವನವರು 1978ರಲ್ಲಿ ಕಟ್ಟಿಸಿದ ಮನೆ, ಮೇಲೊಂದು ಮೋಲ್ಡ್ ರೂಮು. ಅಲ್ಲಿದ್ದ ಬಾಡಿಗೆಯವರು 2019ರಲ್ಲೇ ಹೋದರು, ಈಗ ಮೊಮ್ಮಗ ಓದಿಕೊಳ್ಳುತ್ತಾನೆ. ನನಗೆ ಬರುವುದು ಸಂಧ್ಯಾ ಸುರಕ್ಷಾ 1,200, ಗೃಹಲಕ್ಷ್ಮಿ 2,000, ಹೂ ಕಟ್ಟಿದ್ದರಲ್ಲಿ ಒಂದಿಷ್ಟು. ಕಂದಾಯ ಕಸದ್ದೂ ಸೇರಿ ಮೂರು ಸಾವಿರದ ಹತ್ತಿರ ಬಂದಿದೆ. ಖಾತೆ ಇನ್ನೂ ಮಾವನವರ ಹೆಸರಲ್ಲೇ ಇದೆ. ನಮ್ಮಂಥವರಿಗೆ ರಿಯಾಯಿತಿ ಏನಾದರೂ ಉಂಟಾ?
– ಓದುಗರು, ಶ್ರೀರಾಮಪುರ

ಉತ್ತರ: ಅಕ್ಕಾ, ವಯಸ್ಸಾಯಿತು, ಬಹಳ ವರ್ಷದಿಂದ ಇದೇ ಮನೆಯಲ್ಲಿದ್ದೀನಿ ಅಂತ ಕಮ್ಮಿ ಮಾಡುವ ಪದ್ಧತಿ ನಮ್ಮ ಬೆಂಗಳೂರಿನ ಕಂದಾಯದಲ್ಲಿ ಇಲ್ಲ. ಗುಡಿಸಲು, ಕೊಳಚೆ ಪ್ರದೇಶದ ಪುಟ್ಟ ಮನೆಗಳಿಗೆ ದರ ಬೇರೆ. ನಿಮ್ಮದು ಅದರಲ್ಲಿ ಬರುವುದಿಲ್ಲ. ಆದರೆ ನೀವು ಕಳಿಸಿದ ರಸೀದಿಯ ಜೆರಾಕ್ಸ್ ನೋಡಿ ನಾನು ಹಣೆ ಚಚ್ಚಿಕೊಂಡೆ. ಕೆಳಗಿನ 430 ಚದರಡಿ ‘ಸ್ವಂತ ವಾಸ’ ಅಂತಿದೆ, ಮೇಲಿನ 200 ಚದರಡಿ ಇವತ್ತಿಗೂ ‘ಬಾಡಿಗೆ’ ಅಂತಲೇ ಇದೆ.

2016ರ ದರಪಟ್ಟಿಯಲ್ಲಿ ನಿಮ್ಮ ಡಿ ವಲಯದ ತಾರಸಿ ಮನೆಗೆ ಬಾಡಿಗೆಯಾದರೆ ಚದರಡಿಗೆ ತಿಂಗಳಿಗೆ 3.20 ರೂಪಾಯಿ, ಸ್ವಂತ ವಾಸವಾದರೆ ಅದರ ಅರ್ಧ, 1.60. ವರ್ಷಕ್ಕೆ ಹತ್ತೇ ತಿಂಗಳು ಲೆಕ್ಕ, ಬಂದ ಮೊತ್ತದಲ್ಲಿ ಶೇ. 20 ತೆರಿಗೆ. ನಿಮ್ಮ ರೂಮಿಗೆ ಹಾಕಿ ನೋಡಿ: ಬಾಡಿಗೆ ಲೆಕ್ಕದಲ್ಲಿ 1,280, ಸ್ವಂತ ಲೆಕ್ಕದಲ್ಲಿ 640. ಮನೆ ಹಳತಾದಷ್ಟೂ ಸವಕಳಿ ಅಂತ ಇದರಲ್ಲಿ ಕಳೆಯುತ್ತಾರೆ, ಮೇಲೆ ಸೆಸ್ಸು ಕೂಡಿಸುತ್ತಾರೆ. ಹೇಗೆ ಮಾಡಿದರೂ ಆ ರೂಮಿನ ಪಾಲು ಅರ್ಧಕ್ಕೆ ಇಳಿಯಬೇಕು.

ಇದು ಯಾಕೆ ಹೀಗಾಗುತ್ತದೆ ಅಂದರೆ, ಹಣ ಕಟ್ಟಲು ಹೋದಾಗ ಫಾರಂ ತುಂಬಿಕೊಡುವ ಹುಡುಗ ಹೋದ ವರ್ಷದ್ದನ್ನೇ ತೆಗೆದು ಫಾರಂ 4 ಒತ್ತುತ್ತಾನೆ. ಫಾರಂ 4 ಅಂದರೆ ‘ಏನೂ ಬದಲಾಗಿಲ್ಲ’. ಬದಲಾಗಿದ್ದರೆ ಫಾರಂ 5. ಅವನನ್ನೇನು ಬೈಯುವುದು, ಕಂದಾಯ ಶಾಖೆಯಲ್ಲಿ 27 ವರ್ಷ ಸವೆಸಿದ ನಾನೇ ನಮ್ಮಮ್ಮನ ಮನೆಗೆ ಮೂರು ವರ್ಷ ಫಾರಂ 4 ಕಟ್ಟಿದ್ದೆ, ಖಾಲಿ ಬಿದ್ದ ಔಟ್‌ಹೌಸಿಗೆ ಬಾಡಿಗೆ ದರದಲ್ಲಿ. ಅಮ್ಮನಿಗೆ ಹೇಳಿಲ್ಲ. ಈ ಪತ್ರಿಕೆ ಅವರು ಓದುವುದಿಲ್ಲ, ಅದೊಂದು ಪುಣ್ಯ.

ನಿಮ್ಮ ಸಹಾಯಕ ಕಂದಾಯ ಅಧಿಕಾರಿ ಕಚೇರಿಗೆ ಬೆಳಿಗ್ಗೆಯೇ ಹೋಗಿ, ಫಾರಂ 5 ಬೇಕು ಅನ್ನಿ. ರೂಮಿಗೆ ಬೇರೆ ಮೀಟರಿದ್ದರೆ, ಅಲ್ಲಿ ಬಾಡಿಗೆ ಸಂಸಾರ ಇಲ್ಲ ಅಂತ ತೋರಿಸಲು ಕರೆಂಟು ಬಿಲ್ಲು ಒಯ್ಯಿರಿ. ಗೃಹಜ್ಯೋತಿಯಿಂದ ಹಣ ಸೊನ್ನೆ ಇದ್ದರೂ ಎಷ್ಟು ಯೂನಿಟ್ ಸುಟ್ಟಿದೆ ಅಂತ ಅದರಲ್ಲಿ ಇರುತ್ತದೆ. ಕೊಟ್ಟ ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಇನ್ನೊಂದು. ನಿಮ್ಮ ಒಟ್ಟು ಅಳತೆ 630 ಚದರಡಿ. ಯಜಮಾನರು 2008ರಲ್ಲಿ ಅಂದಾಜಿಗೆ ಬರೆದದ್ದು ಅಂತೀರಿ. 2025ರ ಏಪ್ರಿಲ್‌ನಿಂದ ಬಂದ ಕಸದ ಶುಲ್ಕ 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, ಅದು ದಾಟಿ ಸಾವಿರದವರೆಗೆ 50. ವರ್ಷಕ್ಕೆ 120 ಎಲ್ಲಿ, 600 ಎಲ್ಲಿ! ಮೊಮ್ಮಗನ ಕೈಗೆ ಟೇಪು ಕೊಟ್ಟು ಅಳೆಸಿ. ಅಳತೆ ಹೆಚ್ಚು ಬಂದರೆ ಅದನ್ನೂ ನಿಜವೇ ಬರೆಯಬೇಕು, ಕಮ್ಮಿ ತೋರಿಸಿ ಸಿಕ್ಕಿಬಿದ್ದರೆ ದಂಡ.

ಏಪ್ರಿಲ್‌ನಲ್ಲಿ ವರ್ಷದ್ದು ಪೂರ್ತಿ ಕಟ್ಟಿದರೆ ಶೇ. 5 ಬಿಡುತ್ತಾರೆ. ಅದಕ್ಕೋಸ್ಕರ ಬಡ್ಡಿಗೆ ದುಡ್ಡು ತರಬೇಡಿ, ನಿಮಗೆ ಉಳಿಯುವುದು ನೂರು ಚಿಲ್ಲರೆ. ಎರಡು ಕಂತಿನಲ್ಲೂ ಕಟ್ಟಬಹುದು. ಬಾಕಿ ಮಾತ್ರ ಬೆಳೆಸಬೇಡಿ: ಬಡ್ಡಿ, ದಂಡದಲ್ಲಿ ವಿನಾಯಿತಿ ಕೊಟ್ಟಿದ್ದ ಒಂದೇ ಬಾರಿ ತೀರುವಳಿ 2024ರ ನವೆಂಬರ್ 30ಕ್ಕೆ ಮುಗಿಯಿತು.

ಖಾತೆ ಮಾವನವರ ಹೆಸರಲ್ಲಿದ್ದರೂ ಕಂದಾಯ ಕಟ್ಟಿಸಿಕೊಳ್ಳುತ್ತಾರೆ. ಆದರೆ ಕಟ್ಟಿದ ರಸೀದಿ ಹಕ್ಕುಪತ್ರವಲ್ಲ. ಮರಣ ಪತ್ರ, ವಂಶವೃಕ್ಷ ಮಾಡಿಸಲು ಶುರುಮಾಡಿ. ವಂಶವೃಕ್ಷದಲ್ಲಿ ಮೈದುನ, ನಾದಿನಿಯರ ಹೆಸರೂ ಬರುತ್ತದೆ, ಆದ್ದರಿಂದ ಮೊದಲು ಅವರ ಮನೆಗೆ ಹೋಗಿ ಕಾಫಿ ಕುಡಿದು ಮಾತಾಡಿ. ವಕೀಲರು ಆಮೇಲೆ.

ಪ್ರಶ್ನೆ: ಮಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದಾನೆ. ಅಲ್ಲಿ ಹಳಬರ ಮನೆ ತೆರಿಗೆ ಏರದಂತೆ ತಡೆಯುವ ಯೋಜನೆ ಇದೆಯಂತೆ. ಇಲ್ಲಿ ಯಾಕಿಲ್ಲ?
– ಓದುಗರು, ವಿಜಯನಗರ

ಉತ್ತರ: ಇದೆ ಸ್ವಾಮಿ, ‘ಲೂಪ್’ ಅಂತಾರೆ. ಅದೇ ಮನೆಯಲ್ಲಿ ಹತ್ತು ವರ್ಷ ವಾಸವಿರಬೇಕು, ಆದಾಯ ಮಿತಿಯೊಳಗಿರಬೇಕು, ಮನೆಯ ಮೌಲ್ಯವನ್ನು ನಗರಸಭೆ ಒಂದೇ ವರ್ಷದಲ್ಲಿ ಶೇ. 50 ಅಥವಾ ಐದು ವರ್ಷದಲ್ಲಿ ಶೇ. 75 ಏರಿಸಿರಬೇಕು. ಅಲ್ಲಿ ತೆರಿಗೆ ಮಾರುಕಟ್ಟೆ ಬೆಲೆಯ ಬೆನ್ನು ಹತ್ತಿರುತ್ತದೆ. ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದರೆ ಹಳೇ ಮನೆಯ ಅಜ್ಜಿಗೂ ಬಿಸಿ ತಟ್ಟುತ್ತದೆ. ನಮ್ಮದು ವಲಯ, ಚದರಡಿ ಲೆಕ್ಕ, ಹಾಗೆ ವರ್ಷವರ್ಷ ಜಿಗಿಯುವುದಿಲ್ಲ. ಇಲ್ಲೂ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ, ಅಂದರೆ ಆಸ್ತಿಗೆ ಸರ್ಕಾರ ಗೊತ್ತುಮಾಡುವ ಬೆಲೆಗೆ, ಕಟ್ಟಿಹಾಕುವ ಕರಡು 2024ರಲ್ಲಿ ಬಂದಿತ್ತು, ಜನ ಗಲಾಟೆ ಮಾಡಿದರು, ಅಲ್ಲಿಗೆ ನಿಂತಿತು. ಮತ್ತೆ ಬಂದರೆ ಆಕ್ಷೇಪಣೆಗೆ ದಿನ ಕೊಡುತ್ತಾರೆ. ಹತ್ತು ವರ್ಷ ಸ್ವಂತ ವಾಸವಿದ್ದವರಿಗೆ ಏರಿಕೆಗೆ ಮಿತಿ ಹಾಕಿ ಅಂತ ಆಗ ನೀವೊಂದು ಬರೆದುಕೊಡಿ, ನಾನೂ ಒಂದು ಕೊಡುತ್ತೇನೆ.