ಟರ್ಬೊ ಫ್ಲೇಂಜ್‌ಗೆ ಯಾವ ಪ್ಯಾಕಿಂಗ್ ನಿಲ್ಲುತ್ತದೆ?

ನಿಮ್ಮದು ಕಬ್ಬು ಸಾಗಿಸುವ ಟರ್ಬೊ ಡೀಸೆಲ್ ಲಾರಿ. ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್‌ಗೂ, ಆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊಗೂ ನಡುವಿನ ಪ್ಯಾಕಿಂಗ್ ಪದೇ ಪದೇ ಸುಟ್ಟುಹೋಗುತ್ತಿದೆ. ಒಬ್ಬರು ಆಸ್ಬೆಸ್ಟಾಸ್ ಹಾಳೆ ಕತ್ತರಿಸಿ ಹಾಕಿದರು, ಇನ್ನೊಬ್ಬರು ತಾಮ್ರವೇ ಸರಿ ಎಂದರು, ಅಂಗಡಿಯವರು ಸ್ಟೀಲಿನದ್ದು ಕೊಟ್ಟರು. ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ.

ಸ್ಟೀಲಿನದ್ದನ್ನು ನಂಬಿ. ಉಬ್ಬುಗೆರೆ ಒತ್ತಿರುವ ಸ್ಟೇನ್‌ಲೆಸ್ ಸ್ಟೀಲ್ ಪ್ಯಾಕಿಂಗ್, ಅದೂ ನಿಮ್ಮ ಎಂಜಿನ್ನಿಗೆಂದೇ ಇರುವ ಪಾರ್ಟ್ ನಂಬರಿನದ್ದು. ಆದರೆ ಅದೊಂದನ್ನೇ ಬದಲಿಸಿ ಸುಮ್ಮನಾದರೆ ಅದೂ ಉಳಿಯುವುದಿಲ್ಲ. ನಾನು ಮಂಡ್ಯದಲ್ಲಿ ಭಾರಿ ವಾಹನಗಳ ಎಂಜಿನ್ ಕೆಲಸ ಮಾಡುವವನು. ನಾನು ಬಿಚ್ಚಿದ ಸುಟ್ಟ ಪ್ಯಾಕಿಂಗ್‌ಗಳಲ್ಲಿ ಹೆಚ್ಚಿನವು ಫ್ಲೇಂಜ್ (ಪ್ಯಾಕಿಂಗ್ ಕೂರುವ ಚಪ್ಪಟೆ ಜೋಡಣೆಯ ಮುಖ) ಬಾಗಿ, ಸ್ಟಡ್ (ಅದನ್ನು ಬಿಗಿಯುವ, ತಲೆಯಿಲ್ಲದ ಬೋಲ್ಟು) ಸಡಿಲಗೊಂಡು ಅಥವಾ ಸೈಲೆನ್ಸರ್ ಪೈಪು ಜೋತುಬಿದ್ದು ಸುಟ್ಟವೇ.

ಮೊದಲು ಆ ಜಾಗದ ಬಿಸಿ ಎಷ್ಟೆಂದು ತಿಳಿಯಿರಿ. ತುಂಬಿದ ಲೋಡಿನಲ್ಲಿ ಡೀಸೆಲ್ ಎಂಜಿನ್ನಿನ ಹೊಗೆ ಟರ್ಬೊ ಒಳಗೆ ಹೋಗುವಾಗ ಸುಮಾರು 650ರಿಂದ 750 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗೂಡಲೂರಿನಿಂದ ಊಟಿ ಘಾಟಿ ಹತ್ತುವಂಥ ಕಡೆ ಆ ಬಿಸಿ ಬಹಳ ಹೊತ್ತು ಇಳಿಯುವುದೇ ಇಲ್ಲ. ಟರ್ಬೈನ್ ಚಕ್ರವನ್ನು ತಿರುಗಿಸಿ ಹೊರಬರುವಷ್ಟರಲ್ಲಿ ಹೊಗೆ ಸಾಮಾನ್ಯವಾಗಿ ನೂರು ಡಿಗ್ರಿಗೂ ಹೆಚ್ಚು ತಣಿದಿರುತ್ತದೆ, ಒತ್ತಡವೂ ಇಳಿದಿರುತ್ತದೆ. ಹಾಗಾಗಿ ಟರ್ಬೊದ ಮುಂದಿನ, ಅಂದರೆ ಮ್ಯಾನಿಫೋಲ್ಡ್ ಕಡೆಯ ಫ್ಲೇಂಜ್‌ನಲ್ಲಿ ಸೋತ ವಸ್ತು ಹಿಂದಿನ, ಅಂದರೆ ಸೈಲೆನ್ಸರ್ ಕಡೆಯ ಫ್ಲೇಂಜ್‌ನಲ್ಲಿ ವರ್ಷಗಟ್ಟಲೆ ನಿಲ್ಲಬಹುದು. ತಾಮ್ರವೇ ಸರಿ ಎಂದವರು ಯಾವ ಫ್ಲೇಂಜ್‌ನ ಅನುಭವದಿಂದ ಹೇಳಿದರೆಂದು ಕೇಳಿ ನೋಡಿ.

ತಾಮ್ರ ಕರಗುವುದು 1085 ಡಿಗ್ರಿಗೆ, ನಿಜ. ಆದರೆ 700 ಡಿಗ್ರಿಯಲ್ಲೇ ಅದು ತೀರಾ ಮೆತ್ತಗಾಗಿ, ಬೋಲ್ಟಿನ ಒತ್ತಡಕ್ಕೆ ನಿಧಾನವಾಗಿ ಹಿಂಡಿಹೋಗುತ್ತದೆ. ದಪ್ಪ ಕಡಿಮೆಯಾದಷ್ಟೂ ನಟ್‌ನ ಬಿಗಿ ಇಳಿಯುತ್ತದೆ. ಮೇಲ್ಮೈ ಕಪ್ಪಾಗಿ ಪದರ ಪದರವಾಗಿ ಉದುರುತ್ತದೆ. ಕೆಂಪಗೆ ಕಾಯಿಸಿ ಮೆದು ಮಾಡಿದ ತಾಮ್ರವನ್ನು ದಾರಿಯಲ್ಲಿ ನಿಂತ ಗಾಡಿಯನ್ನು ಮನೆ ಸೇರಿಸಲು ಹಾಕುವುದಕ್ಕೆ ನನ್ನ ತಕರಾರಿಲ್ಲ. ಸೀಸನ್ ಪೂರ್ತಿ ಓಡಬೇಕಾದ ಲಾರಿಯ ಬಿಸಿ ಫ್ಲೇಂಜ್‌ಗೆ ನಾನು ಅದನ್ನು ಹಾಕುವುದಿಲ್ಲ.

ಆಸ್ಬೆಸ್ಟಾಸ್ ಹಾಳೆಯ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾಗಿಯೇ ಹೇಳುತ್ತೇನೆ: ಬೇಡ. ಆ ಹಾಳೆಯಲ್ಲಿ ನಾರನ್ನು ಹಿಡಿದಿಡುವುದು ರಬ್ಬರ್. ಈ ಬಿಸಿಗೆ ರಬ್ಬರ್ ಸುಟ್ಟುಹೋಗಿ, ಉಳಿದ ಪುಡಿ ನಾರನ್ನು ಹೊಗೆಯ ಒತ್ತಡ ಊದಿ ಹಾಕುತ್ತದೆ. ಅದಕ್ಕಿಂತ ದೊಡ್ಡ ಮಾತು ನಿಮ್ಮ ಶ್ವಾಸಕೋಶದ್ದು. ಆಸ್ಬೆಸ್ಟಾಸ್‌ನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಖಚಿತವಾಗಿ ಹೇಳಿರುವ ವಿಷಯ, ಮತ್ತು ಕಾಯಿಲೆ ಕಾಣಿಸಿಕೊಳ್ಳುವುದು ದಶಕಗಳ ನಂತರ. ಈಗ ಅಂಟಿಕೊಂಡಿರುವ ಹಳೆಯದನ್ನು ತೆಗೆಯುವಾಗ ಒಣಗಿದ್ದಂತೆಯೇ ಕೆರೆಯಬೇಡಿ, ವೈರ್ ಬ್ರಷ್ ಹಾಕಬೇಡಿ, ಏರ್ ಹೊಡೆಯಲೇಬೇಡಿ. ಚೆನ್ನಾಗಿ ನೀರಿನಲ್ಲಿ ನೆನೆಸಿ, ನಾರಿನ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿ, ಒದ್ದೆಯಾಗಿಯೇ ಎತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಬಂದ ಹುಡುಗರ ಕೈಗೆ ಆ ಕೆಲಸ ಕೊಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಗ್ರಾಫೈಟ್. ನಡುವೆ ತೆಳು ಸ್ಟೀಲ್ ತಗಡಿರುವ ಕಪ್ಪು ಹಾಳೆ ಬರುತ್ತದಲ್ಲ, ಅದು. ಫ್ಲೇಂಜ್‌ನ ಸಣ್ಣಪುಟ್ಟ ಗೀರುಗಳನ್ನು ತುಂಬಿಕೊಂಡು ಸೊಗಸಾಗಿ ಕೂರುತ್ತದೆ. ಅದರ ಶತ್ರು ಬಿಸಿಯಲ್ಲಿ ಸಿಗುವ ಆಮ್ಲಜನಕ. ಗಾಳಿಯಲ್ಲಿ ಸುಮಾರು 450 ಡಿಗ್ರಿ ದಾಟಿದರೆ ಗ್ರಾಫೈಟ್ ನಿಧಾನವಾಗಿ ಉರಿದು ಸವೆಯತೊಡಗುತ್ತದೆ. ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಂಡು ಓಡುವುದರಿಂದ ಹೊಗೆಯಲ್ಲೂ ಆಮ್ಲಜನಕ ಉಳಿದಿರುತ್ತದೆ, ಪ್ಯಾಕಿಂಗ್ ಒಳ ಅಂಚಿನಿಂದಲೇ ಸವೆಯುತ್ತಾ ಬರುತ್ತದೆ. ಟರ್ಬೊದಿಂದ ದೂರದ ಸೈಲೆನ್ಸರ್ ಜೋಡಣೆಗೆ ಗ್ರಾಫೈಟ್ ಬಳಸಿ, ಮುಂದಿನ ಫ್ಲೇಂಜ್‌ಗೆ ಬೇಡ. ಅಷ್ಟೇ ಮೆದುವಾಗಿದ್ದು ಇನ್ನೂ ಹೆಚ್ಚು ಬಿಸಿ ತಡೆಯುವ ಮೈಕಾ, ವರ್ಮಿಕ್ಯುಲೈಟ್ ಹಾಳೆಗಳಿವೆ. ಮಂಡ್ಯದಲ್ಲಿ ಸಿಗುವುದು ಕಷ್ಟ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ನೋಡಬಹುದು.

ಸ್ಟೀಲ್ ಪ್ಯಾಕಿಂಗ್ ಗೆಲ್ಲುವುದು ಆ ಉಬ್ಬುಗೆರೆಯಿಂದ. ಬಿಗಿದಾಗ ಗೆರೆ ಸ್ಪ್ರಿಂಗಿನಂತೆ ಅಮುಕಿಕೊಂಡು ಎರಡೂ ಮುಖಗಳನ್ನು ಒತ್ತಿ ಹಿಡಿಯುತ್ತದೆ, ಫ್ಲೇಂಜ್ ಬಿಸಿಗೆ ಸ್ವಲ್ಪ ಅಲುಗಾಡಿದರೂ ಬಿಡುವುದಿಲ್ಲ. ಅಲುಗಾಟ ಇದ್ದೇ ಇರುತ್ತದೆ. ನೂರು ಮಿಲಿಮೀಟರ್ ಉದ್ದದ ಎರಕದ ಕಬ್ಬಿಣ 600 ಡಿಗ್ರಿ ಬಿಸಿ ಏರಿದರೆ ಸುಮಾರು 0.66 ಮಿಲಿಮೀಟರ್ ಹಿಗ್ಗುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಸುಮಾರು ಒಂದು ಮಿಲಿಮೀಟರ್. ಪ್ರತಿ ಸಲ ಬಿಸಿಯಾಗಿ ಆರಿದಾಗಲೂ ಪ್ಯಾಕಿಂಗ್ ಫ್ಲೇಂಜ್ ಮೇಲೆ ಒಂದಿಷ್ಟು ಜಾರಲೇಬೇಕು. ಸ್ಟೀಲ್ ಜಾರುತ್ತದೆ, ಅಂಟಿಕೊಂಡ ಹಾಳೆ ಹರಿಯುತ್ತದೆ. ಕಾರ್ಖಾನೆಯ ಯಾರ್ಡಿನಲ್ಲಿ ಸರದಿಗೆ ನಿಂತು ಆಫ್, ಸ್ಟಾರ್ಟ್, ಹತ್ತು ಮಾರು ಮುಂದೆ, ಮತ್ತೆ ಆಫ್ ಎನ್ನುವ ಕಬ್ಬಿನ ಲಾರಿಗೆ ಈ ಹಿಗ್ಗು ಕುಗ್ಗು ಬೇರೆ ಲಾರಿಗಳಿಗಿಂತ ಹೆಚ್ಚು.

ಸ್ಟೀಲಿಗೆ ಒಂದು ಷರತ್ತಿದೆ: ಫ್ಲೇಂಜ್ ಸಮತಟ್ಟಾಗಿರಬೇಕು. ಕರಿ ಪೂರ್ತಿ ತೆಗೆದು, ನೇರ ಅಂಚಿನ ಸ್ಟೀಲ್ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಇಟ್ಟು, ಅಡಿಯಲ್ಲಿ 0.10 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. ಮ್ಯಾನಿಫೋಲ್ಡ್ ಕಡೆಯೂ ನೋಡಬೇಕು, ಟರ್ಬೊ ಕಡೆಯೂ ನೋಡಬೇಕು. ಎಲ್ಲಿಯಾದರೂ ಒಳಗೆ ಹೋದರೆ ಆ ಮುಖವನ್ನು ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಇದಕ್ಕಿಂತ ಬಿಗಿಯಾದ ಅಳತೆ ಇದ್ದರೆ ಅದನ್ನೇ ಪಾಲಿಸಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿದರೆ ಇಂಥ ಕೆಲಸ ಮಾಡುವವರು ಸಿಗುತ್ತಾರೆ. ಕೈ ಗ್ರೈಂಡರ್ ಹಿಡಿದು ನಯ ಮಾಡಿಕೊಡುತ್ತೇನೆ ಎಂದವರಿಗೆ ಕೊಡಬೇಡಿ, ಕಣ್ಣಿಗೆ ಹೊಳೆಯುತ್ತದೆ, ಪಟ್ಟಿ ಇಟ್ಟರೆ ನಡುವೆ ಹಳ್ಳ ಕಾಣುತ್ತದೆ. ಅದೇ ಹೊತ್ತಿಗೆ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆಯೇ ಎಂದೂ ಪರೀಕ್ಷಿಸಿ.

ಹೊಸ ಪ್ಯಾಕಿಂಗನ್ನು ಫ್ಲೇಂಜ್ ಮೇಲಿಟ್ಟು ತೂತಿನ ಅಂಚು ಗಮನಿಸಿ. ಪ್ಯಾಕಿಂಗ್ ಒಳಗೆ ಚಾಚಿಕೊಂಡಿದ್ದರೆ ಆ ಅಂಚು ಹೊಗೆಯ ದಾರಿಯಲ್ಲಿ ಕಾದು ಮುರಿದು ನೇರ ಟರ್ಬೈನ್ ಚಕ್ರಕ್ಕೆ ಬಡಿಯುತ್ತದೆ. ಎರಡು ಕಿಂಡಿಯ ಫ್ಲೇಂಜ್‌ನ ನಡುವಿನ ಸಣ್ಣ ಪಟ್ಟಿಗೂ ಇದೇ ಅಪಾಯ. ಟ್ಯೂಬಿನಲ್ಲಿ ಬರುವ ಕೆಂಪು ಸಿಲಿಕೋನ್ ಪೇಸ್ಟನ್ನು ಇಲ್ಲಿ ಸವರಲೇಬೇಡಿ. ಅದು ತಡೆಯುವುದು ಸುಮಾರು 300ರಿಂದ 350 ಡಿಗ್ರಿ ಮಾತ್ರ. ಟರ್ಬೊದ ಆಯಿಲ್ ವಾಪಸ್ ಹೋಗುವ ಪೈಪಿನ ಫ್ಲೇಂಜ್‌ಗೂ ಪೇಸ್ಟ್ ಬೇಡ, ಒಳಗೆ ಹಿಂಡಿಕೊಂಡ ತುಣುಕು ಆಯಿಲ್ ದಾರಿ ಕಟ್ಟಿದರೆ ಟರ್ಬೊ ಸೀಲಿನಿಂದಲೇ ಆಯಿಲ್ ಸೋರುತ್ತದೆ.

ಸ್ಟಡ್, ನಟ್‌ಗಳಲ್ಲಿ ದುಡ್ಡು ಉಳಿಸಬೇಡಿ. ಸಾಮಾನ್ಯ ಬೋಲ್ಟು ಈ ಬಿಸಿಗೆ ಹಿಗ್ಗಿ ಬಿಗಿ ಕಳೆದುಕೊಳ್ಳುತ್ತದೆ, ನೈಲಾನ್ ಉಂಗುರದ ಲಾಕ್ ನಟ್‌ನ ನೈಲಾನ್ ಮೊದಲ ಟ್ರಿಪ್ಪಿನಲ್ಲೇ ಕರಗಿರುತ್ತದೆ. ಟರ್ಬೊಗೆಂದೇ ಬರುವ ಸ್ಟಡ್, ಪೂರ್ತಿ ಲೋಹದ ಲಾಕ್ ನಟ್ ಹಾಕಿ. ಟಾರ್ಕ್ ವ್ರೆಂಚ್‌ನಲ್ಲಿ ಎದುರು ಬದುರು ನಟ್‌ಗಳನ್ನು ಹಂತ ಹಂತವಾಗಿ ಬಿಗಿಯಿರಿ. ಮ್ಯಾನ್ಯುಯಲ್ ಬೇಡ ಎನ್ನದಿದ್ದರೆ, ಒಂದು ಲೋಡ್ ಓಡಿಸಿ ಪೂರ್ತಿ ತಣ್ಣಗಾದ ಮೇಲೆ ಟಾರ್ಕ್ ಮತ್ತೊಮ್ಮೆ ನೋಡಿ.

ನಿಮ್ಮ ಲಾರಿಯಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಪೈಪಿನ ಮೇಲೆ. ಕಬ್ಬಿನ ಗದ್ದೆಯ ದಾರಿಯ ಹಳ್ಳ ದಿಣ್ಣೆಗೆ ಸೈಲೆನ್ಸರ್ ಬ್ರಾಕೆಟ್ ಮುರಿದಿದ್ದರೆ ಅಷ್ಟುದ್ದದ ಪೈಪಿನ ಭಾರವನ್ನೆಲ್ಲ ಟರ್ಬೊ ಹೊರುತ್ತದೆ, ಪ್ರತಿ ಕುಲುಕಿಗೂ ಫ್ಲೇಂಜ್ ಬಾಯಿ ತೆರೆಯುತ್ತದೆ. ಎಂಜಿನ್ ತಣ್ಣಗಿರುವಾಗ ಟರ್ಬೊ ಹಿಂದಿನ ಪೈಪಿನ ನಟ್‌ಗಳನ್ನು ಸಡಿಲಿಸಿ. ಪೈಪು ತಕ್ಷಣ ಕೆಳಗೋ ಪಕ್ಕಕ್ಕೋ ಸರಿದರೆ ಕಾರಣ ಸಿಕ್ಕಿತು: ಬ್ರಾಕೆಟ್ ಮತ್ತು ಬೆಲ್ಲೋಸ್ (ಪೈಪಿನ ನಡುವೆ ಬಾಗುವ ಸುಕ್ಕುಸುಕ್ಕಾದ ಭಾಗ) ಸರಿ ಮಾಡಿಸಿದ ಮೇಲೆಯೇ ಹೊಸ ಪ್ಯಾಕಿಂಗ್ ಹಾಕಿ.

ಜೋಡಿಸಿದ ಮೇಲೆ ಲೀಕ್ ನೋಡಲು ಎಂಜಿನ್ ಓಡಿಸುವ ಅಗತ್ಯವಿಲ್ಲ. ತಣ್ಣಗಿರುವಾಗ ಸೈಲೆನ್ಸರ್ ಬಾಯಿಗೆ ಬ್ಲೋವರ್ ಹಿಡಿದು ಬಟ್ಟೆ ಸುತ್ತಿ, ಫ್ಲೇಂಜ್ ಸುತ್ತ ಸೋಪಿನ ನೀರು ಚಿಮುಕಿಸಿ. ಎಲ್ಲಿ ನೊರೆ ಏಳುತ್ತದೆಯೋ ಅಲ್ಲಿ ಸೋರಿಕೆ.

ಬಿಚ್ಚಿದ ಸ್ಟೀಲ್ ಪ್ಯಾಕಿಂಗನ್ನು ಎಸೆಯದೆ ಎರಡೂ ಮುಖದ ಫೋಟೊ ಇಲ್ಲಿ ಹಾಕಿ. ಕರಿ ಗೆರೆ ಒಂದೇ ಮೂಲೆಯಲ್ಲಿದ್ದರೆ ಸ್ಟಡ್ ಅಥವಾ ಪೈಪಿನ ದೋಷ, ಎರಡು ಸ್ಟಡ್‌ಗಳ ನಡುವೆ ಅಗಲವಾಗಿ ಹರಡಿದ್ದರೆ ಬಹುಮಟ್ಟಿಗೆ ಫ್ಲೇಂಜ್ ಬಾಗಿದೆ. ಎಂಜಿನ್ ಮಾದರಿಯನ್ನೂ ಬರೆಯಿರಿ, ಸರಿಯಾದ ಪಾರ್ಟ್ ನಂಬರ್ ಹುಡುಕಿ ಹೇಳುತ್ತೇನೆ.