ಮನೆಯಲ್ಲೇ ಕಲಿಯುವ ಸಾಮಿ ಕಲೆಗೆ ಕಾಲೇಜು ಯಾಕೆ ಬೇಕು?

ಮನೆಯಲ್ಲಿ ಹಿರಿಯರಿಂದ ಕಿರಿಯರಿಗೆ ದಾಟುವ ಸರಪಳಿ ತುಂಡಾಗಿತ್ತು, ಅದಕ್ಕೇ.

ಸಾಮಿ ಜನ ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾಗಳ ಉತ್ತರ ತುದಿಯವರು. ಅವರ ನುಡಿಗಳು ಫಿನ್ನಿಶ್, ಹಂಗೇರಿಯನ್ ಇರುವ ಫಿನ್ನೊ-ಉಗ್ರಿಕ್ ಕುಟುಂಬಕ್ಕೆ ಸೇರಿದವು. ನಾರ್ವೆಯಲ್ಲಿ 19ನೇ ಶತಮಾನದ ನಡುವಿನಿಂದ ಸುಮಾರು ನೂರು ವರ್ಷ, ಸಾಮಿ ಮಕ್ಕಳನ್ನು ನಾರ್ವೇಜಿಯನ್ನರನ್ನಾಗಿ ಮಾಡುವುದೇ ಶಾಲೆಗಳ ನೀತಿಯಾಗಿತ್ತು. ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳ ಜೊತೆ ತಮ್ಮ ಭಾಷೆ ಆಡುವುದನ್ನೇ ಬಿಟ್ಟರು.

ಆಮೇಲೆ ಶಾಲೆಯಲ್ಲಿ ಸಾಮಿ ಕಲಿಸಲು ಅವಕಾಶ ಸಿಕ್ಕಿತು. ಆದರೆ ಕಲಿಸುವವರು ಬೇಕಲ್ವಾ? 1989ರಲ್ಲಿ ನಾರ್ವೆಯ ಕೌಟೊಕೈನೊ ಊರಿನಲ್ಲಿ ಶುರುವಾದ ಸಾಮಿ ಕಾಲೇಜು ಶಿಕ್ಷಕರನ್ನು ತಯಾರು ಮಾಡುತ್ತದೆ. ಪಾಠ ಮುಖ್ಯವಾಗಿ ಉತ್ತರ ಸಾಮಿ ಭಾಷೆಯಲ್ಲೇ. ಇಲ್ಲಿ ಕಲಿತವರು ಶಾಲೆಗಳಲ್ಲಿ ಕಲಿಸುತ್ತಾರೆ. ಆ ಮಕ್ಕಳಲ್ಲಿ ಕೆಲವರು ಬೆಳೆದು ಇದೇ ಕಾಲೇಜಿಗೆ ಬರಬಹುದು. ಹೀಗೆ ಸರಪಳಿ ಮತ್ತೆ ಕೂಡುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ದುವೊಜಿ, ಅಂದರೆ ಸಾಮಿ ಕೈಕೆಲಸ. ಇದರಲ್ಲಿ ಸ್ನಾತಕೋತ್ತರ ಪದವಿಯೂ ಇದೆ! ಹಿಮಸಾರಂಗದ ಚರ್ಮ ಹದ ಮಾಡುವುದು, ಕೊಂಬು ಕೆತ್ತುವುದು, ಬರ್ಚ್ ಮರದ ಗಂಟಿನಿಂದ ಬಟ್ಟಲು ಕೊರೆಯುವುದು ಎಲ್ಲ ಇದರೊಳಗೇ ಬರುತ್ತವೆ. ಮಾಡಿದ ವಸ್ತುವನ್ನು ಸುಮ್ನೆ ಮ್ಯೂಸಿಯಂನಲ್ಲಿಟ್ಟರೆ ಮಾಡುವ ಕೈ ಉಳಿಯುವುದಿಲ್ಲ. ಯಾವ ಚರ್ಮ ಯಾವುದಕ್ಕೆ, ಯಾವ ಮರ ಯಾವಾಗ ಎಂಬ ತಿಳುವಳಿಕೆ ಕೆಲಸ ಮಾಡುತ್ತಾ ಆಡುವ ಮಾತಿನಲ್ಲೇ ದಾಟುವಂಥದ್ದು. ಹಾಗಾಗಿ ಭಾಷೆ, ಕೈಕೆಲಸ ಎರಡೂ ಒಂದೇ ಸೂರಿನಡಿ. ಹಿಮಸಾರಂಗ ಸಾಕಣೆಯನ್ನೂ ಅಲ್ಲೇ ಓದಬಹುದು.