ಮನೆಯಲ್ಲಿ ನಿಂತಿರುವ ಪದ್ಮಿನಿ ಮತ್ತು ಎಸ್ಟೀಮ್: ನಾವೇ ಸರಿ ಮಾಡಿ ಇಟ್ಟುಕೊಳ್ಳಲು ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಮನೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ, ಒಂದು ಮಾರುತಿ ಎಸ್ಟೀಮ್ ನಾಲ್ಕು ವರ್ಷದಿಂದ ಸುಮ್ನೆ ನಿಂತಿವೆ, ಎಲ್ಲರೂ ಗುಜರಿಗೆ ಹಾಕಿ ಅನ್ನುತ್ತಿದ್ದಾರೆ, ನಾನು ಮೆಕ್ಯಾನಿಕ್ ಅಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಆಗುತ್ತದೆ. ನಮ್ಮ ಮನೆಯಲ್ಲೂ ಇದೇ ಜೋಡಿ ಇದೆ. ಪದ್ಮಿನಿ 1985ರದ್ದು, ಅಪ್ಪ ಕೊಂಡದ್ದು. ಎಸ್ಟೀಮ್ 2002ರದ್ದು, ಮಾವನವರು ಕಣ್ಣಿನ ಆಪರೇಷನ್ ಆದಮೇಲೆ ಓಡಿಸುವುದು ಬಿಟ್ಟು ನಮಗೆ ಕೊಟ್ಟರು. ನಾನು ಸಾಗರದಲ್ಲಿ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಪಾನಾ ಹಿಡಿಯಲು ಕಲಿತದ್ದೇ ಒಂಬತ್ತು ವರ್ಷದ ಹಿಂದೆ. ಈಗ ಎರಡೂ ಓಡುತ್ತಿವೆ. ಮೊನ್ನೆ ಶಿವಮೊಗ್ಗಕ್ಕೆ ಪದ್ಮಿನಿಯಲ್ಲೇ ಹೋಗಿ ಬಂದೆವು.

ಮೊದಲು ಒಂದು ಮಾತು. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಈಗ ಎರಡೂ ನಿಂತಿವೆ ಅಂದಿರಿ, ಹಾಗಾದರೆ ಎಸ್ಟೀಮ್ ಮೊದಲು ಎಬ್ಬಿಸಿ. ಅದರ ಸಾಮಾನು ಇನ್ನೂ ಸುಲಭವಾಗಿ ಸಿಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಅದು ಓಡತೊಡಗಿದರೆ ಪದ್ಮಿನಿಯ ಸಾಮಾನು ತರಲು ಒಂದು ಕಾರು ಆಯಿತಲ್ವಾ? ಎರಡರ ಬೋಲ್ಟೂ ಒಂದೇ ಡಬ್ಬಿಗೆ ಬಿದ್ದರೆ ಆಮೇಲೆ ಯಾವುದು ಯಾವುದರದ್ದು ಅಂತ ಹುಡುಕುವುದರಲ್ಲೇ ವಾರ ಹೋಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಒಂದಲ್ಲ, ನಾಲ್ಕು ಕಡೆಯಿಂದ.

ಇನ್ನು ಕೆಲಸದ ಸರದಿ. ನಾನು ಮಾಡಿದ ತಪ್ಪು ಇಲ್ಲೇ. ಪದ್ಮಿನಿಗೆ ಮೊದಲು ಪೇಂಟ್ ಮಾಡಿಸಿದೆ. ಒಂದು ಗ್ಯಾರೇಜಿಗೆ ಬಿಟ್ಟು ಟಿಂಕರಿಂಗ್, ಪೇಂಟಿಂಗ್ ಎಲ್ಲ ಆಗಿ ಮನೆಗೆ ಬಂದಾಗ ಅಪ್ಪ ಅದರ ಸುತ್ತ ಮೂರು ಸಲ ತಿರುಗಿ ನೋಡಿದ್ದರು. ಒಂದು ಮಳೆಗಾಲ ಕಳೆಯಿತು. ಹಿಂದಿನ ಚಕ್ರದ ಮೇಲೆ ಸಣ್ಣ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದೆ, ಚಕ್ಕೆ ಎದ್ದು ಬಂತು. ಒಳಗೆ ತಗಡೇ ಇರಲಿಲ್ಲ. ಬರೀ ಪುಟ್ಟಿ, ಅದರ ಹಿಂದೆ ತುಕ್ಕಿನ ಪುಡಿ. ಕೊಟ್ಟ ದುಡ್ಡು ಹೋಯಿತು ಅನ್ನುವುದಕ್ಕಿಂತ ಅಪ್ಪನ ಮುಖ ನೋಡುವುದು ಕಷ್ಟವಾಯಿತು. ಹಾಗಾಗಿ ಹೇಳುತ್ತೇನೆ, ಕಾರು ಮೊದಲು ನಿಲ್ಲುವುದು ಕಲಿಯಲಿ, ಆಮೇಲೆ ಓಡುವುದು, ಚಂದ ಕಾಣುವುದು ಕೊನೆಗೆ.

ನಿಲ್ಲುವುದು ಅಂದರೆ ಬ್ರೇಕು. ನಾಲ್ಕು ವರ್ಷ ನಿಂತ ಕಾರಿನ ಬ್ರೇಕನ್ನು ಪೆಡಲ್ ಗಟ್ಟಿ ಇದೆ ಅಂತ ನಂಬಲೇಬೇಡಿ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಆ ನೀರು ವೀಲ್ ಸಿಲಿಂಡರಿನ (ಚಕ್ರದ ಬಳಿ ಬ್ರೇಕನ್ನು ತಳ್ಳುವ ಕೊಳವೆ) ಒಳಗೋಡೆಗೆ ತುಕ್ಕು ಹಿಡಿಸುತ್ತದೆ, ತುಕ್ಕು ಒಳಗೆ ಆಯಿಲ್ ತಡೆಯುವ ರಬ್ಬರ್ ಕಪ್ಪನ್ನು ಕೊಯ್ಯುತ್ತದೆ. ಬ್ರೇಕ್ ಬಿಸಿಯಾದಾಗ ಅದೇ ನೀರು ಆವಿಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ. ಘಾಟಿ ಇಳಿಯುವಾಗ ಹೀಗಾದರೆ ಏನು ಗತಿ? ನಮ್ಮ ಪದ್ಮಿನಿಯಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮು (ಚಕ್ರದ ಜೊತೆ ತಿರುಗುವ ಬೋಗುಣಿ, ಒಳಗಿಂದ ಬ್ರೇಕ್ ಶೂ ಒತ್ತಿ ನಿಲ್ಲಿಸುತ್ತದೆ), ನಾಲ್ಕಕ್ಕೂ ಸೇರಿ ಒಂದೇ ಆಯಿಲ್ ಲೈನು. ಒಂದು ಕಪ್ ಸೋರಿದರೆ ನಾಲ್ಕೂ ಹೋದಂತೆ. ಎಸ್ಟೀಮಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್.

ನಮ್ಮ ಪದ್ಮಿನಿಯ ಹಿಂದಿನ ಎಡ ಡ್ರಮ್ ಬಿಡಿಸಲು ನನಗೆ ಒಂದಿಡೀ ಭಾನುವಾರ ಬೇಕಾಯಿತು. ಅಪ್ಪ ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದರು. ಮಳೆಗಾಲದ ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿತ್ತು. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಡ್ರಮ್ ಬಿರುಕು ಬಿಡುತ್ತದೆ ಅಂತ ಮರದ ಕೊಡತಿ ತಂದೆ. ಅಂಚಿಗೆ ಒಂದು ಏಟು, ಸ್ವಲ್ಪ ತಿರುಗಿಸುವುದು, ಮತ್ತೊಂದು ಏಟು. ಮಧ್ಯಾಹ್ನ ಮೂರರ ಹೊತ್ತಿಗೆ ಟಕ್ ಅಂತ ಒಂದು ಸದ್ದಾಯಿತು, ಕೂದಲೆಳೆಯಷ್ಟು ಸಂದು ಕಾಣಿಸಿತು. ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ. ಬ್ರೇಕ್ ಶೂ ಮೇಲಿನ ಹಳೆ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಎಸೆಯಿರಿ.

ಸಿಲಿಂಡರಿಗೆ ಹೊಸ ರಬ್ಬರ್ ಕಿಟ್ ಹಾಕಿದ ಮೇಲೆ ಲೈನಿನೊಳಗಿನ ಗಾಳಿ ತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ನಮ್ಮಲ್ಲಿ ಅಮ್ಮ ಡ್ರೈವರ್ ಸೀಟಿನಲ್ಲಿ ಕೂತರು. ನಾನು ಚಕ್ರದ ಹತ್ತಿರ ಸಣ್ಣ ಪಾರದರ್ಶಕ ಪೈಪನ್ನು ಗಾಳಿ ಬಿಡುವ ಬ್ಲೀಡರ್ ನಿಪ್ಪಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯಲ್ಲಿದ್ದ ಆಯಿಲ್‌ನೊಳಗೆ ಮುಳುಗಿಸಿ ಕೂತೆ. "ಅಮ್ಮ, ಒತ್ತು. ಹಿಡ್ಕೋ." ನಿಪ್ಪಲ್ ಕಾಲು ಸುತ್ತು ಸಡಿಲ ಮಾಡಿದರೆ ಬುಳುಬುಳು ಅಂತ ಗುಳ್ಳೆ ಬರುತ್ತದೆ. "ಬಿಡ್ಲೇನೋ?" "ತಡಿ, ತಡಿ." ನಿಪ್ಪಲ್ ಬಿಗಿ ಮಾಡಿದ ಮೇಲೆ ಮಾತ್ರ "ಈಗ ಬಿಡು" ಅನ್ನಬೇಕು. ಮೊದಲೇ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ, ಮೇಲಿನ ಡಬ್ಬಿ ಖಾಲಿಯಾಗದಂತೆ ಆಯಿಲ್ ಹಾಕುತ್ತಿರಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಸಾಕು, ಸೀಲ್ ಒಡೆಯದ ಹೊಸ ಡಬ್ಬಿಯೇ ಇರಲಿ. ಬಾಡಿಗೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿಂದುಬಿಡುತ್ತದೆ. ನಾನು ಎರಡೂ ಕಾರಿಗೆ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸುತ್ತೇನೆ. ಅಮ್ಮನಿಗೆ ಈಗ ನಾನು ಹೇಳುವುದೇ ಬೇಡ, ಪೆಡಲ್ ಗಟ್ಟಿಯಾದ ಕೂಡಲೇ ಅವರೇ "ಬಂತು ನೋಡು" ಅನ್ನುತ್ತಾರೆ.

ಕಾರು ಎತ್ತುವ ವಿಷಯ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ. ನಮ್ಮ ಕಡೆ ಅಂಗಳದಲ್ಲಿ ಜಂಬಿಟ್ಟಿಗೆ ಬಿದ್ದಿರುತ್ತದೆ, ಎಲ್ಲರೂ ಅದನ್ನೇ ಜೋಡಿಸುತ್ತಾರೆ. ಅದು ಭಾರಕ್ಕೆ ಏಕಾಏಕಿ ಪುಡಿಯಾಗುತ್ತದೆ. ಒಂದು ಜೊತೆ ಕಬ್ಬಿಣದ ಸ್ಟ್ಯಾಂಡ್ ಕೊಂಡುಬಿಡಿ. ಉಳಿದ ಯಾವ ಸಾಮಾನು ಇಲ್ಲದಿದ್ದರೂ ನಡೆಯುತ್ತದೆ, ಇದಿಲ್ಲದೆ ನಡೆಯುವುದಿಲ್ಲ.

ಬ್ರೇಕ್ ಆದಮೇಲೆ ಪೆಟ್ರೋಲ್ ಲೈನು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಈ ಎರಡೂ ಕಾರು ಹುಟ್ಟಿದ ಕಾಲಕ್ಕೆ ಅದು ಇರಲಿಲ್ಲ. ಹಳೆ ರಬ್ಬರ್ ಹೋಸ್ ಅದಕ್ಕೆ ಊದಿಕೊಂಡು ಮೆತ್ತಗಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಒಂದು ರಾತ್ರಿ ನಮ್ಮ ಪೋರ್ಟಿಕೋದಲ್ಲಿ ಪೆಟ್ರೋಲ್ ವಾಸನೆ. ಟಾರ್ಚ್ ಬಿಟ್ಟು ನೋಡಿದರೆ ಪದ್ಮಿನಿಯ ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಗೇಣುದ್ದದ ಪೈಪಿನ ಕೆಳಗೆ ಹನಿ ನಿಂತಿತ್ತು. ಪಕ್ಕದಲ್ಲೇ ಬಿಸಿನೀರಿನ ಹಂಡೆಯ ಒಲೆ. ಆವತ್ತಿನ ಹೆದರಿಕೆ ಇನ್ನೂ ಹೋಗಿಲ್ಲ. ಮಾರನೇ ದಿನವೇ ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಇದ್ದ ರಬ್ಬರ್ ತುಂಡುಗಳನ್ನೆಲ್ಲ ಕಿತ್ತು, ಇಂಜೆಕ್ಷನ್ ಕಾರಿಗೆ ಬಳಸುವ ಎಥೆನಾಲ್ ತಡೆಯುವ ಹೋಸ್ ಹಾಕಿದೆ. ಪಂಪಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ಪೊರೆ) ಕಿಟ್ ಕೂಡ ಬದಲಿಸಿದೆ. ನಿಮ್ಮದರಲ್ಲಿ ನಾಲ್ಕು ವರ್ಷದ ಹಳೆ ಪೆಟ್ರೋಲ್ ಇದ್ದರೆ ಅದನ್ನು ಪೂರ್ತಿ ತೆಗೆಯಿರಿ. ಎಥೆನಾಲ್ ನೀರು ಹೀರಿ ತಳಕ್ಕೆ ಇಳಿದಿರುತ್ತದೆ, ಆ ನೀರೇ ಟ್ಯಾಂಕಿನ ತಳ ತಿನ್ನುವುದು. ಈ ಕೆಲಸ ಬಯಲಲ್ಲಿ ಮಾಡಿ. ಬ್ಯಾಟರಿ ವೈರ್ ಬಿಚ್ಚಿಟ್ಟಿರಬೇಕು, ಹತ್ತಿರ ಬೀಡಿ, ಒಲೆ, ದೀಪ ಯಾವುದೂ ಇರಬಾರದು.

ಪದ್ಮಿನಿಯ ಎಂಜಿನ್ ಅಂದರೆ ನನಗೆ ತುಂಬ ಪ್ರೀತಿ. 1089 ಸಿಸಿ, ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಫಿಯೆಟ್ 1100ರ ವಿನ್ಯಾಸ, ಮುಂಬೈನ ಕುರ್ಲಾದಲ್ಲಿ ತಯಾರಾಗಿದ್ದು. ನಮ್ಮೂರಲ್ಲಿ ಈಗಲೂ ಅದನ್ನು ಪದ್ಮಿನಿ ಅನ್ನುವವರಿಗಿಂತ ಫಿಯೆಟ್ ಅನ್ನುವವರೇ ಜಾಸ್ತಿ. ಸ್ಟಾರ್ಟ್ ಆಗದಿದ್ದರೆ ನೋಡಬೇಕಾದದ್ದು ಎರಡೇ: ಕಿಡಿ ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ. ನಿಂತ ಕಾರಿನಲ್ಲಿ ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಒಳಗಿನ ಪಾಯಿಂಟಿಗೆ ಬೂಷ್ಟಿನಂಥ ಪದರ ಕಟ್ಟಿರುತ್ತದೆ. ನಯವಾದ ಮರಳುಕಾಗದವನ್ನು ಮಡಚಿ ಎರಡು ಸಲ ಎಳೆದು, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಇಟ್ಟು ಸುಮಾರು 0.4 ಮಿ.ಮೀ. ಸಂದು ಕೊಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಎದ್ದುಬಿಡುತ್ತದೆ. ಆದರೆ ಕೀ ತಿರುಗಿಸುವ ಮುಂಚೆ ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಪ್ಲಗ್ಗಿನ ತೂತಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗಬೇಕು. ತಿರುಗಿತು ಅಂದರೆ ಅರ್ಧ ಗೆದ್ದಿರಿ. ಹಳೆ ಆಯಿಲ್ ತೆಗೆದು ಹೊಸದು ಹಾಕಿದ ಮೇಲೆ ಸ್ಟಾರ್ಟ್ ಮಾಡಿ.

ಎಸ್ಟೀಮಿನದು ಬೇರೆ ಸ್ವಭಾವ. 1298 ಸಿಸಿ, ಹಗುರ ಬಾಡಿ, ಇವತ್ತಿಗೂ ಓಡಿಸಲು ಖುಷಿ. ಆದರೆ ಅದರ ಅಲ್ಯೂಮಿನಿಯಂ ಎಂಜಿನ್ ಬಿಸಿ ತಡೆಯುವುದಿಲ್ಲ. ಒಂದು ಸಲ ನೀರು ಖಾಲಿಯಾಗಿ ಓಡಿಸಿದರೆ ಎಂಜಿನ್ನಿನ ಮೇಲ್ಭಾಗದ ಹೆಡ್ ಸೊಟ್ಟಗಾಗಿ ಅದರ ಕೆಳಗಿನ ಗ್ಯಾಸ್ಕೆಟ್ ಹೋಗುತ್ತದೆ. ಮಾವನವರ ಕಾರಿನಲ್ಲಿ ಯಾರೋ ಥರ್ಮೋಸ್ಟಾಟನ್ನೇ (ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಭಾಗ) ತೆಗೆದು ಹಾಕಿದ್ದರು, ಬಿಸಿಯಾಗುವುದಿಲ್ಲ ಅಂತ. ಬಿಸಿಯಾಗಬೇಕಾದಷ್ಟೂ ಆಗದೆ ಮೈಲೇಜ್ ಬಿದ್ದಿತ್ತು. ಹೊಸದು ಹಾಕಿ, ರೇಡಿಯೇಟರ್ ತೊಳೆದು, ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಸೇರಿಸಿ ತುಂಬಿಸಿದೆ. ಬಾವಿನೀರು ಹಾಕಬೇಡಿ. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ನಡೆಸುವ ಟೈಮಿಂಗ್ ಬೆಲ್ಟನ್ನು ಕಿಲೋಮೀಟರ್ ನೋಡದೆ ಬದಲಿಸಿ, ರಬ್ಬರಿಗೆ ವಯಸ್ಸೇ ಶತ್ರು. ಈ ಕೆಲಸವನ್ನು ನಾನು ಗ್ಯಾರೇಜಿನಲ್ಲೇ ಮಾಡಿಸಿದೆ. ವೆಲ್ಡಿಂಗ್, ಲೇತ್ ಕೆಲಸ, ಅಲೈನ್‌ಮೆಂಟ್ ಕೂಡ ಹೊರಗೇ. ಎಲ್ಲವನ್ನೂ ನಾನೇ ಮಾಡಬೇಕು ಅನ್ನುವ ಹಟ ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಮೇಲಿನ ಗೀರು ಸವೆಯದೆ ಚೆನ್ನಾಗಿದ್ದರೂ ಅಷ್ಟು ಹಳೆಯ ಟೈರ್ ತೆಗೆದುಬಿಡಿ.

ಬಿಡಿ ಸಾಮಾನಿಗೆ ನಾನು ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿಗೆ ಹೋಗುತ್ತೇನೆ. ಹಳೆ ಸಾಮಾನನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಾಯಲ್ಲಿ ಹೇಳಿದರೆ ಒಂದು ಕೊಡುತ್ತಾರೆ, ಕೈಯಲ್ಲಿ ತೋರಿಸಿದರೆ ಸರಿಯಾದದ್ದು ಕೊಡುತ್ತಾರೆ.

ಕಾಗದ ಪತ್ರವನ್ನು ಈಗಲೇ ನೋಡಿಕೊಳ್ಳಿ. ಹದಿನೈದು ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ಕಾರನ್ನು ಆರ್‌ಟಿಒಗೆ ತೋರಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ನಮ್ಮಂಥವರಿಗೆ ಇದು ಭಾರವೇ. ಎರಡು ಕಾರಿಗೂ ಒಂದೇ ವರ್ಷ ಬಂದರೆ ಮೊದಲೇ ದುಡ್ಡು ಎತ್ತಿಡಬೇಕಾಗುತ್ತದೆ. ಹಳೆ ಕಾರುಗಳ ಬಗ್ಗೆ ದೆಹಲಿಯ ನಿಯಮ ಕೇಳಿ ಹೆದರಿ ಮಾರುವವರಿದ್ದಾರೆ. ನಮ್ಮಲ್ಲಿ ಎಫ್‌ಸಿ (ಕಾರು ಓಡಿಸಲು ಯೋಗ್ಯ ಅನ್ನುವ ಪರೀಕ್ಷೆ) ಪಾಸಾದರೆ ಓಡಿಸಬಹುದು.

ಸರಿಯಾದ ಮೇಲೆ ಕಾಪಾಡುವುದು ಹೇಗೆ ಅಂತಲೂ ಕೇಳಿದ್ದೀರಿ. ತುಂಬ ಜನ ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ. ಅದು ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ಕಟ್ಟಿದ ನೀರಿನ ಪಸೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ. ನಾನು ಒಂದು ಭಾನುವಾರ ಪದ್ಮಿನಿ, ಮುಂದಿನ ಭಾನುವಾರ ಎಸ್ಟೀಮ್ ತೆಗೆದುಕೊಂಡು ಇಕ್ಕೇರಿ, ಕೆಳದಿ ಕಡೆ ಒಂದು ಸುತ್ತು ಹಾಕಿ ಬರುತ್ತೇನೆ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡುತ್ತೇನೆ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಎಲೆ, ಮಣ್ಣು ಸೇರಿ ಮುಚ್ಚಿರುತ್ತವೆ. ಮೇ ತಿಂಗಳಲ್ಲಿ ಅವನ್ನು ತಂತಿ ಹಾಕಿ ಬಿಡಿಸಿ. ಮಳೆ ಶುರುವಾದರೆ ಇಲಿ ಬಾನೆಟ್ಟಿನೊಳಗೆ ಗೂಡು ಮಾಡುತ್ತದೆ, ವೈರ್ ಕಡಿಯುತ್ತದೆ. ವಾರಕ್ಕೆರಡು ಸಲ ಬಾನೆಟ್ ತೆರೆದಿಟ್ಟರೆ ಅದು ಅಲ್ಲಿ ನಿಲ್ಲುವುದಿಲ್ಲ.

ನೀವು ಈ ಭಾನುವಾರ ಒಂದು ಕೆಲಸ ಮಾಡಿ. ಏನೂ ಬಿಚ್ಚಬೇಡಿ, ಕೊಳ್ಳಬೇಡಿ. ಎರಡೂ ಕಾರಿನ ನೆಲದ ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ, ಒದ್ದೆ ಇದೆಯಾ ಅಂತ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲದ ತಗಡು, ಬಾಗಿಲ ಕೆಳಗಿನ ಉದ್ದ ಪಟ್ಟಿ, ಹಿಂದಿನ ಚಕ್ರದ ಕಮಾನು ಎಲ್ಲ ಕಡೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ. ಮಂದ ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆದು ಇಲ್ಲಿ ಹಾಕಿ. ಯಾವುದಕ್ಕೆ ವೆಲ್ಡಿಂಗ್ ಬೇಕು, ಯಾವುದನ್ನು ಉಜ್ಜಿ ರೆಡ್ ಆಕ್ಸೈಡ್ ಹೊಡೆದರೆ ಸಾಕು ಅಂತ ನೋಡಿ ಹೇಳುತ್ತೇನೆ.